ಅಯ್ಯನವರ ಪಾದ ತೊಳೆದ ನೀರು

ಇಳಕಲ್ಲಿನ ಬೇಸಿಗೆಯಲ್ಲಿ ಕಾಲಿಗೆ ಸಾಕ್ಸು ಹಾಕಿಕೊಂಡು ಬರುವವರು ಯಾರಿರುತ್ತಾರೆ? ನನ್ನ ಆಯುರ್ವೇದ ದವಾಖಾನೆಯ ಬಾಗಿಲಿಗೆ ಒಬ್ಬರು ಬಂದು ನಿಂತರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಕಾವಿ ಅಂಗಿ, ಕಾಲಲ್ಲಿ ದಪ್ಪ ಕರಿ ಸಾಕ್ಸು. ಎಡಗೈಗೆ ಬಿಳಿ ಬಟ್ಟೆ ಸುತ್ತಿದ್ದರು. ಜೊತೆಗೆ ಬಸುರಿ ಮಗಳು. ಗುಡೂರಿನ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ಬಸುರಿಗೆ ಜಾಗ ಕೊಡದ ಬಸ್ಸಿನ ಮಂದಿಯನ್ನು ಬೈಯುತ್ತಲೇ ಇಬ್ಬರನ್ನೂ ಒಳಗೆ ಕೂಡಿಸಿದೆ. ಬೈಗುಳ ನನಗೆ ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು.

ಅವರು ಆ ಹಳ್ಳಿಯ ಅಯ್ಯನವರು, ಜಂಗಮರು. ಕೂಸು ಹುಟ್ಟಿದರೆ ಲಿಂಗ ಕಟ್ಟುವುದು, ಮದುವೆಯಲ್ಲಿ ಅಕ್ಕಿಕಾಳು ಹಾಕುವುದು, ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುವುದು, ಎಲ್ಲವೂ ಅವರ ಮನೆತನಕ್ಕೆ ಸೇರಿದ್ದು. ಮಂಗಳಕಾರ್ಯಗಳಲ್ಲಿ ಅವರ ಪಾದ ತೊಳೆದು ಆ ನೀರನ್ನು ಪಾದೋದಕವೆಂದು ಭಕ್ತರು ಸೇವಿಸುತ್ತಾರೆ. ನಮ್ಮ ಮನೆತನದಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ಅವರ ಕಾಲಿನ ಜಡ್ಡು ಎಂದರೆ ಏನು ಎಂಬುದು ನನಗೆ ಮೊದಲ ದಿನ ಪೂರ್ತಿ ಅರ್ಥವಾಗಿರಲಿಲ್ಲ.

"ಸಾಕ್ಸ್ ತಗೀರಿ," ಅಂದೆ.

ಅವರು ಮಗಳ ಮುಖ ನೋಡಿದರು. ಮಗಳು ಎದ್ದು ಹೊರಗೆ ಹೋದಳು. ಆಮೇಲೆ ನಿಧಾನವಾಗಿ ಬಿಚ್ಚಿದರು. ಸಾಕ್ಸಿನ ಜೊತೆಗೆ ಬಿಳಿ ಹೊಟ್ಟು ಉದುರಿ ನೆಲದ ಮೇಲೆ ಬಿತ್ತು. ಕೂಡಲೇ ಬಗ್ಗಿ ಅದನ್ನು ಅಂಗೈಯಿಂದ ಒಟ್ಟುಗೂಡಿಸತೊಡಗಿದರು.

"ಬಿಡ್ರಿ ಅದನ್ನ. ಕಸಬರಿಗಿ ಅದ ನನ್ನ ಕಡೆ," ಎಂದು ಗದರಿದೆ.

ಅಂಗಾಲು ಪೂರ್ತಿ ದಪ್ಪಗಾಗಿ ಸೀಳಿತ್ತು. ಮೊಣಕೈ, ಮೊಣಕಾಲು, ಸೊಂಟದ ಮೇಲೆ ಅಗಲವಾದ ಕೆಂಪು ದದ್ದುಗಳು, ಅವುಗಳ ಮೇಲೆ ಮೀನಿನ ಹುರುಪೆಯಂಥ ಬೆಳ್ಳನೆಯ ಪದರ. ಆ ಜಾಗದಲ್ಲಿ ಬೆವರಿಲ್ಲ. ಎಡಗೈಯ ಬಟ್ಟೆ ಬಿಚ್ಚಿದರೆ ಅಂಗೈ ನಡುವೆ ರಕ್ತ ಜಿನುಗುತ್ತಿತ್ತು. ಶಾಸ್ತ್ರದಲ್ಲಿ ಇದಕ್ಕೆ ಏಕಕುಷ್ಠ ಎನ್ನುತ್ತಾರೆ. ಈಗಿನವರು ಸೋರಿಯಾಸಿಸ್ ಎನ್ನುತ್ತಾರೆ. ಶಾಸ್ತ್ರದ ಹೆಸರನ್ನು ನಾನು ಪೇಷಂಟ್ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. ಊರ ಮಂದಿ ಅದನ್ನು ದೊಡ್ಡ ರೋಗ, ಅಂದರೆ ಬೆರಳು ಉದುರಿಸುವ ಕುಷ್ಠ ಎಂದೇ ತಿಳಿಯುತ್ತಾರೆ. ಬಾಗಲಕೋಟೆಯ ಚರ್ಮದ ಡಾಕ್ಟರು ಪರೀಕ್ಷೆ ಮಾಡಿ, ಇದು ಆ ರೋಗವಲ್ಲ, ಅಂಟುವಂಥದ್ದೂ ಅಲ್ಲ ಎಂದು ಆಗಲೇ ಹೇಳಿದ್ದರು. ಅವರ ಮುಲಾಮಿನಿಂದ ಕಡಿಮೆಯಾಗಿ, ಬಿಟ್ಟ ಮೇಲೆ ತಿರುಗಿ ಬಂದಿತ್ತು.

"ಕೆರತ ಭಾಳ ಅದ ಏನ್ರಿ?" ಎಂದು ಕೇಳಿದೆ.

"ಕೆರತದ್ದು ಬಿಡ್ರಿ ಡಾಕ್ಟರ್ ಬಾಯಾರ," ಅಂದರು ಅಯ್ಯನವರು. "ಮಗಳಿಗೆ ಏಳನೇ ತಿಂಗಳು. ಚೊಚ್ಚಲ ಬಾಣಂತನ ನಮ್ಮನ್ಯಾಗ. ಆ ಕೂಸಿಗೆ ನನ್ನ ಕೈಲೆ ಲಿಂಗ ಕಟ್ಟಬೇಕು. ಅಷ್ಟ ಮಾಡಿಕೊಡ್ರಿ."

"ಕಟ್ರಿ. ಯಾರು ಬ್ಯಾಡ ಅಂತಾರ?"

"ಯಾರೂ ಅನ್ನೂದಿಲ್ರಿ. ಕರಿಯೂದಿಲ್ಲ, ಅಷ್ಟ. ಬಾಜೂ ಊರಿನ ಹುಡುಗ ಅಯ್ಯನ್ನ ಕರಸ್ತಾರ. ನನ್ನ ಈಗ ಮಣ್ಣಿಗೆ ಮಾತ್ರ ಕರೀತಾರ. ಸತ್ತವರ ತಲಿ ಮ್ಯಾಲೆ ಪಾದ ಇಡಬೇಕಲ್ರಿ. ಸತ್ತವರು ಹೇಸೂದಿಲ್ಲ ನೋಡ್ರಿ."

ಹೇಳಿ ನಕ್ಕರು. ನನಗೆ ನಗಲಾಗಲಿಲ್ಲ.

ಬೇಸಿಗೆಯಲ್ಲಿ ತುಪ್ಪ ಕುಡಿಸಿ, ಭೇದಿ ಮಾಡಿಸಿ ಮೈ ಶೋಧನೆ ಮಾಡುವುದು ನನಗೆ ಒಗ್ಗದ ಕೆಲಸ. ಬೇರೆಯವರಾಗಿದ್ದರೆ ಮಳೆಗಾಲ ದಾಟಲಿ ಎಂದು ಕಳಿಸಿಬಿಡುತ್ತಿದ್ದೆ. ಆದರೆ ಹೊಟ್ಟೆಯೊಳಗಿನ ಕೂಸು ಮಳೆಗಾಲ ದಾಟುವ ತನಕ ಕಾಯುವುದಿಲ್ಲವಲ್ಲ. ಅವರ ನಾಡಿ, ಹಸಿವು, ಶಕ್ತಿ ಎಲ್ಲ ಚೆನ್ನಾಗಿದ್ದವು. ದವಾಖಾನೆಯ ಹಿಂದಿನ ಖೋಲಿಯಲ್ಲಿ ಇಟ್ಟುಕೊಂಡೆ. ಬಾಣಂತನದ ತಯಾರಿ ನೋಡಿಕೊಳ್ಳಲು ಮಗಳು ಹಳ್ಳಿಗೆ ಹೋದಳು. ಆಗಾಗ ಬಂದು ಹೋಗುತ್ತಿದ್ದಳು.

ಮೊದಲು ಕೆಲವು ದಿನ ಹಸಿವು ಹೆಚ್ಚಿಸುವ ಚೂರ್ಣ. ಮೊಸರು, ಬೆಲ್ಲ, ಉದ್ದು, ಹುಣಸೆಹುಳಿ, ಉಪ್ಪಿನಕಾಯಿ ಬಂದ್. ಹಳೆ ಅಕ್ಕಿ, ಹೆಸರುಬೇಳೆ, ಹಾಗಲಕಾಯಿ, ಪಡವಲಕಾಯಿ. ಆಮೇಲೆ ಸ್ನೇಹಪಾನ, ಅಂದರೆ ಮದ್ದಿನ ತುಪ್ಪ ಕುಡಿಸುವುದು. ನಾನು ಕೊಟ್ಟದ್ದು ಮಹಾತಿಕ್ತಕ ಘೃತ. ಹೆಸರೇ ಹೇಳುವಂತೆ ನಾಲಗೆಯ ಮೇಲೆ ಇಟ್ಟರೆ ಬೇವೂ ಸಿಹಿ ಅನ್ನಿಸಬೇಕು, ಅಂಥ ಕಹಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ತುಪ್ಪ, ಮೇಲೆ ಬಿಸಿನೀರು. ಅದು ಪೂರ್ತಿ ಕರಗಿ ಚೆನ್ನಾಗಿ ಹಸಿವಾದ ಮೇಲಷ್ಟೇ ತೆಳ್ಳನೆಯ ಗಂಜಿ. ದಿನದಿಂದ ದಿನಕ್ಕೆ ತುಪ್ಪದ ಪ್ರಮಾಣ ಏರುತ್ತದೆ. ತುಪ್ಪ ಕಂಡರೆ ಓಕರಿಕೆ ಬಂದು, ಮೈಯೆಲ್ಲ ಜಿಡ್ಡಾಗಿ, ಮಲದಲ್ಲೂ ಜಿಡ್ಡು ಕಾಣಿಸಿದಾಗ ನಿಲ್ಲಿಸಿ, ಎಣ್ಣೆ ತೀಡಿ, ಬೆವರಿಳಿಸಿ, ಆಮೇಲೆ ಭೇದಿಯ ಔಷಧ. ಈ ದಿನಗಳಲ್ಲಿ ಹೊಟ್ಟೆಯ ಬೆಂಕಿ ಬಲು ನಾಜೂಕಾಗಿರುತ್ತದೆ. ಒಂದು ತುತ್ತು ಹೆಚ್ಚುಕಡಿಮೆಯಾದರೂ ಒಳಗಿನ ತುಪ್ಪ ಕೆಟ್ಟು ಹೊರಗಿನ ಚರ್ಮದ ಮೇಲೆ ಸೇಡು ತೀರಿಸಿಕೊಳ್ಳುತ್ತದೆ.

ಅಯ್ಯನವರು ಮೊದಲು ಲಿಂಗಪೂಜೆ ಮಾಡುತ್ತಿದ್ದರು. ಬಟ್ಟೆ ಸುತ್ತಿದ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂಡುತ್ತಿದ್ದರು. ಆ ಮೇಲೆ ಬಟ್ಟಲು ಎತ್ತಿ ಒಂದೇ ಗುಟುಕಿಗೆ ತುಪ್ಪ ಇಳಿಸುತ್ತಿದ್ದರು. ಮುಖ ಒಂಚೂರೂ ಕಿವುಚುತ್ತಿರಲಿಲ್ಲ.

"ಕಹಿ ಅನಸೂದಿಲ್ಲೇನ್ರಿ ಅಯ್ಯನೋರ?"

"ಪ್ರಸಾದ ಅಂತ ತಗೋತೇನ್ರಿ. ಪ್ರಸಾದಕ್ಕ ರುಚಿ ನೋಡೂದಿಲ್ಲ ನಾವು."

ದಿನಾ ಬೆಳಿಗ್ಗೆ ಬೇವಿನ ತೊಗಟೆ, ಕಕ್ಕೆ ಎಲೆ ಹಾಕಿ ಕುದಿಸಿದ ಕಷಾಯದಿಂದ ಕೈಕಾಲು ತೊಳೆದು, ಶ್ವೇತಕುಟಜ ಎಂಬ ಗಿಡದ ಎಣ್ಣೆ ಹಚ್ಚುವುದು ನನ್ನ ಕೆಲಸ. ಅದರ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ನಮ್ಮೂರಿನ ಬಿಸಿಲಿಗೆ ಅದು ಬೇಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೇಸಿನ್ನು ಹಿಡಿದು ನಾನು ಕೆಳಗೆ ಕೂತ ಮೊದಲ ದಿನ ಅಯ್ಯನವರು ಕಾಲು ಹಿಂದಕ್ಕೆಳೆದುಕೊಂಡರು.

"ಬ್ಯಾಡ್ರಿ ಬಾಯಾರ. ನೀವು ಮುಟ್ಟಬ್ಯಾಡ್ರಿ."

"ಯಾಕ್ರಿ, ಪಾದ ತೊಳಸ್ಕೊಳ್ಳೂದು ನಿಮಗೇನು ಹೊಸಾದೇನು? ಜನ್ಮಾ ಎಲ್ಲಾ ಅದನ್ನೇ ಮಾಡಿ ನನ್ನ ಮುಂದ ನಾಚಿಕಿ ಮಾಡತೀರಿ!"

ಆಗ ಅವರು ಬಾಯಿತುಂಬ ನಕ್ಕರು. ಕಾಲು ಮುಂದೆ ಚಾಚಿದರು. ತೊಳೆದಾದ ಮೇಲೆ ಕಷಾಯದ ಬೇಸಿನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುವಾಗ ಅವರ ಕಣ್ಣು ಆ ಬೇಸಿನ್ನಿನ ಹಿಂದೆಯೇ ಬರುತ್ತಿತ್ತು. ಒಂದು ದಿನ ಕೇಳಿಯೂ ಕೇಳಿದರು, "ಎಲ್ಲಿ ಚೆಲ್ತೀರಿ ಅದನ್ನ?"

"ಬಚ್ಚಲಕ್ಕ. ಇನ್ನೆಲ್ಲಿ?"

"ಹೌದಲ್ರಿ," ಅಂದರು.

ತುಪ್ಪ ಹಿಡಿಯತೊಡಗಿತು. ಅಂಗಾಲಿನ ಸೀಳುಗಳು ಮೆತ್ತಗಾದವು. ಎಡಗೈಯ ರಕ್ತ ನಿಂತಿತು. ಮಗಳು ಬಂದು ನೋಡಿ ಅಪ್ಪನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನನಗೂ ಹಿಗ್ಗು. ಇನ್ನೆರಡು ದಿನ ಏರಿಸಿದರೆ ಸಾಕಿತ್ತು.

ಅಷ್ಟರಲ್ಲಿ ಅವರ ಹಳ್ಳಿಯ ಯಜಮಾನನೊಬ್ಬ ಬೈಕಿನ ಮೇಲೆ ಬಂದ. ಹೊಸ ಮನೆ ಕಟ್ಟಿಸಿದ್ದನಂತೆ, ಮರುದಿನ ವಾಸ್ತು, ಅಂದರೆ ಗೃಹಪ್ರವೇಶ.

"ನಮ್ಮ ಮನೆತನದ ಅಯ್ಯಾರು ಕಾಲಿಡದ ಒಳಗ ಹೋಗಬಾರದು ಅಂತ ನಮ್ಮವ್ವ ಹಟಾ ಹಿಡದಾಳ್ರಿ. ಪಾದಪೂಜಾ ಅಷ್ಟ. ಸಂಜಿಕೆ ಕರಕೊಂಡು ಬಂದು ಬಿಡತೇನಿ," ಅಂದ ಯಜಮಾನ.

"ಆಗೂದಿಲ್ಲ," ಅಂದೆ. "ಔಷಧ ನಡು ಅದ."

ಯಜಮಾನ ಹೊರಗೆ ಹೋಗಿ ನಿಂತ. ಅಯ್ಯನವರು ನನ್ನ ಮುಂದೆ ಕೈ ಜೋಡಿಸಿದರು. ಜಂಗಮರು ಕೈ ಜೋಡಿಸುವುದಿಲ್ಲ, ಅವರಿಗೆ ಬೇರೆಯವರು ಜೋಡಿಸುತ್ತಾರೆ.

"ಎರಡು ವರ್ಷ ಆತ್ರಿ ಯಾರರ ಪಾದಪೂಜಾಕ್ಕ ಕರದು. ಒಂದಿನ ಬಿಡ್ರಿ."

"ಮುಂಜಾನೆ ತುಪ್ಪ ತಗೊಂಡು ಹೋಗ್ರಿ. ಬಿಸಿನೀರು, ಗಂಜಿ ಬಿಟ್ಟು ಬ್ಯಾರೆ ಏನೂ ಬಾಯಿಗೆ ಹಾಕಬಾರದು. ಎಲಿ ಮುಂದ ಕೂಡಬಾರದು. ಆಣಿ ಮಾಡ್ರಿ."

"ಲಿಂಗದಾಣಿ," ಅಂದರು.

ಗಂಜಿಯನ್ನು ಡಬ್ಬಿಯಲ್ಲಿ ಹಾಕಿ, ಥರ್ಮಾಸಿನಲ್ಲಿ ಬಿಸಿನೀರು ತುಂಬಿ ಕಳಿಸಿದೆ. ಸಂಜೆ ಬಂದಾಗ ಡಬ್ಬಿ ತೆರೆದು ನೋಡಿದೆ. ಗಂಜಿ ಹಾಗೇ ಇತ್ತು. ಅವರು ಗೋಡೆ ಕಡೆ ತಿರುಗಿ ಮಲಗಿದರು.

ಬೆಳಗಾಗುವಷ್ಟರಲ್ಲಿ ಜ್ವರ. ಹೊಟ್ಟೆ ಉಬ್ಬರಿಸಿ ವಾಂತಿ. ಮಧ್ಯಾಹ್ನಕ್ಕೆ ದದ್ದುಗಳ ನಡುವೆ ಇದ್ದ ಒಳ್ಳೆಯ ಚರ್ಮವೂ ಕೆಂಪಾಗಿ, ತಲೆಯಿಂದ ಕಾಲಿನವರೆಗೆ ಮೈ ಕೆಂಡದ ಹಾಗೆ ಸುಡತೊಡಗಿತು. ಹಾಳೆಹಾಳೆಯಾಗಿ ಪೊರೆ ಏಳುತ್ತಿತ್ತು.

"ಏನು ತಿಂದ್ರಿ?" ಎಂದು ಚೀರಿದೆ.

"ಹೋಳಗಿ, ತುಪ್ಪ, ಮಾವಿನಹಣ್ಣಿನ ಸೀಕರಣಿ," ಅಂದರು.

"ಹಾಲು ಹಾಕಿದ್ದೇನು ಸೀಕರಣಿಗೆ?"

"ಹೂಂನ್ರಿ."

ಹಣ್ಣಿಗೆ ಹಾಲು ಬೆರೆಸಿದ್ದು ಈ ಜಡ್ಡಿಗೆ ವಿಷವಿದ್ದಂತೆ. ನನ್ನ ಸಿಟ್ಟು ನೆತ್ತಿಗೇರಿತು. ಸಾಯಲು ಬಿದ್ದಿದ್ದೀರೇನು, ಲಿಂಗದಾಣೆಗೆ ಇಷ್ಟೇ ಬೆಲೆಯೇನು ಎಂದು ಬಾಯಿಗೆ ಬಂದಂತೆ ಬೈದೆ. ಅವರು ಚಳಿಗೆ ನಡುಗುತ್ತ ಕೇಳಿಸಿಕೊಂಡರು. ಮೈಯೆಲ್ಲ ಹೀಗೆ ಕೆಂಪಾದರೆ ದೇಹದ ನೀರು, ಬಿಸಿ ಎರಡೂ ಚರ್ಮದಿಂದ ಸೋರಿಹೋಗುತ್ತವೆ. ಇಷ್ಟು ವಯಸ್ಸಾದವರು ಅದರಿಂದ ತೀರಿಕೊಳ್ಳಲೂಬಹುದು. ನನ್ನ ಖೋಲಿಯಲ್ಲಿ ಇಟ್ಟುಕೊಳ್ಳುವ ಕೇಸಲ್ಲ ಅದು. ಹಳ್ಳಿಗೆ ಫೋನು ಮಾಡಿ ಮಗಳಿಗೆ ತಿಳಿಸಿ, ಗಾಡಿ ಮಾಡಿಕೊಂಡು ಬಾಗಲಕೋಟೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರ ಅಂಗೈ ನನ್ನ ಕೈಯಲ್ಲಿತ್ತು, ಕಾದ ಹಂಚಿನ ಹಾಗೆ. ಚರ್ಮದ ಡಾಕ್ಟರು ಅಡ್ಮಿಟ್ ಮಾಡಿಕೊಂಡು ಸಲಾಯಿನ್ ಹಚ್ಚಿದರು. ನನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಸು ಪೂರ್ತಿ ಕೇಳಿ, "ಸೀಕರಣಿ?" ಎಂದು ಒಮ್ಮೆ ಕೇಳಿ ತಲೆಯಾಡಿಸಿದರು, ಅಷ್ಟೆ.

ಜೀವ ಉಳಿಯಿತು. ಅಲ್ಲಿಂದ ಮರಳಿ ನನ್ನ ಖೋಲಿಗೆ ಬಂದಾಗ ಅಯ್ಯನವರು ಅರ್ಧವಾಗಿದ್ದರು. ಅಂಗೈ, ಅಂಗಾಲು ಮೊದಲಿಗಿಂತ ಕೆಟ್ಟಿದ್ದವು. ಒಂದು ಮಧ್ಯಾಹ್ನ ಎಣ್ಣೆ ಹಚ್ಚುತ್ತಿದ್ದಾಗ ತಾವಾಗಿಯೇ ಹೇಳಿದರು.

"ಪರಾತದಾಗ ಪಾದ ತೊಳದ್ರು ಬಾಯಾರ. ಹೂವು ಏರಿಸಿದ್ರು. ನೀರು ಒಳಗ ಒಯ್ದ್ರು. ನಾ ಕುಂತ ಜಾಗದಿಂದ ಹಿತ್ತಲ ಬಾಗಲ ಕಾಣತಿತ್ತು. ಯಜಮಾನನ ಹೆಂಡತಿ ಆ ನೀರು ಹೊರಗ ಚೆಲ್ಲಿ, ನಳದಾಗ ಬ್ಯಾರೆ ನೀರು ಹಿಡಕೊಂಡು ಬಂದ್ಲು. ಅದನ್ನ ಎಲ್ಲಾರಿಗೂ ಪಾದೋದಕ ಅಂತ ಕೊಟ್ರು. ನನ್ನ ಮುಂದನ ಎಲ್ಲಾರೂ ಕಣ್ಣಿಗೆ ಒತ್ತಿಕೊಂಡು ಕುಡದ್ರು. ಯಜಮಾನನ ಅವ್ವ, ಆ ಮುದುಕಿಗೆ ಒಬ್ಬಾಕಿಗೇ ಗೊತ್ತಿದ್ದಿಲ್ಲ."

ನಾನು ಎಣ್ಣೆ ಹಚ್ಚುವುದನ್ನು ನಿಲ್ಲಿಸಿದೆ.

"ಅದನ್ನ ಕಂಡೂ ಉಂಡ್ರೇನು?"

"ಎಲಿ ಹಾಕಿದ್ರು. ಗಂಜಿ ಡಬ್ಬಿ ತಗದಿದ್ರ ಏನಂತಿದ್ರು? ನೋಡು, ಅಯ್ಯನ ರೋಗ ಒಳಗೂ ಹೊಕ್ಕೈತಿ, ಉಣ್ಣಾಕೂ ಬರೂದಿಲ್ಲ ಅಂತಿದ್ರು. ಘಟ್ಟಿ ಅದೇನಿ ಅಂತ ತೋರಸಬೇಕಿತ್ತ್ರಿ. ಎರಡೆರಡು ಸಲ ನೀಡಿಸ್ಕೊಂಡು ಉಂಡೆ."

ಎದ್ದು ಹೊರಗೆ ಹೋಗಿ ಮಾಳಿಗೆಯ ಮೇಲೆ ಎಣ್ಣೆಯ ಬಾಟಲಿಗಳ ನಡುವೆ ನಿಂತು ಅತ್ತೆ.

ಮುಂದಿನದು ನಾನು ತೀರ್ಮಾನಿಸಬೇಕಿದ್ದ ಮಾತು. ಹೆರಿಗೆಗೆ ತಿಂಗಳೊಂದು ಉಳಿದಿತ್ತು. ಒಂದು ಮುಂಜಾನೆ ಅಯ್ಯನವರು ಖಾಲಿ ಬಟ್ಟಲು ಹಿಡಿದು ಕೂತಿದ್ದರು. ಮಗಳೂ ಬಂದಿದ್ದಳು.

"ಮತ್ತ ಚಾಲೂ ಮಾಡ್ರಿ. ಎಷ್ಟು ಬೇಕಾದಷ್ಟು ತುಪ್ಪ ಕುಡಸ್ರಿ. ಭೇದಿ ಔಷಧ ಕೊಡ್ರಿ. ಈ ಸಲ ಒಂದಗಳು ಹೆಚ್ಚು ತಿನ್ನೂದಿಲ್ಲ," ಅಂದರು ಅಯ್ಯನವರು.

"ಆಗೂದಿಲ್ಲ ಅಯ್ಯನೋರ. ಮೈಯಾಗ ತ್ರಾಣ ಇಲ್ಲ. ಇಂಥಾ ಮೈಗೆ ಭೇದಿ ಮಾಡಿಸಿದ್ರ ಜಡ್ಡೂ ಹೋಗತದ, ನೀವೂ ಹೋಗತೀರಿ."

"ಹೋದ್ರ ಹೋಗ್ಲಿ. ಕೂಸಿಗೆ ಲಿಂಗ ಕಟ್ಟಿ ಹೋಗತೇನಿ."

"ನನ್ನ ಕೈಲೆ ಆಗೂದಿಲ್ಲ. ಇನ್ನ ಮ್ಯಾಲೆ ಬರೇ ಸಣ್ಣ ಪ್ರಮಾಣ. ದಿನಕ್ಕೊಂದು ಚಮಚ ತುಪ್ಪ, ಕಹಿ ಕಷಾಯ, ಎಣ್ಣಿ, ಪಥ್ಯ. ನಿಧಾನ ಇಳೀತದ. ತಿಂಗಳುಗಟ್ಟಲೆ ಬೇಕು."

"ಕೂಸು ಬರೂದ್ರೊಳಗ?" ಎಂದು ಮಗಳು ಕೇಳಿದಳು.

ಸುಳ್ಳು ಹೇಳಬಹುದಿತ್ತು. ನೋಡೋಣ, ಶಿವ ದೊಡ್ಡವನು ಎನ್ನಬಹುದಿತ್ತು.

"ಕೂಸು ಬರೂದ್ರೊಳಗ ಆರೂದಿಲ್ಲ," ಅಂದೆ.

"ಹಂಗಾರ ಇಷ್ಟು ದಿನ ಯಾಕ ಇಟಗೊಂಡ್ರಿ?" ಎಂದು ಮಗಳು ಬಾಯಿ ಮಾಡಿದಳು. ಅಯ್ಯನವರು ಬಟ್ಟಲನ್ನು ಕೆಳಗಿಟ್ಟು ಆಕೆಗೆ ಸುಮ್ಮನಿರಲು ಕೈಸನ್ನೆ ಮಾಡಿದರು. ಆವತ್ತೇ ಔಷಧ ಕಟ್ಟಿಸಿಕೊಂಡು ಊರಿಗೆ ಹೋದರು. ನಾನು ಮಾಡಿದ್ದು ಸರಿಯೇ. ಇವತ್ತೂ ಹಾಗೇ ಮಾಡುತ್ತೇನೆ. ಆ ಬಟ್ಟಲು ತೊಳೆದಿಟ್ಟೆ.

ಆಷಾಢದ ಮಳೆಗೆ ಗಂಡು ಕೂಸು ಹುಟ್ಟಿತು. ಸಿಟ್ಟು ಇಳಿದಿತ್ತೋ ಏನೋ, ಮಗಳೇ ಫೋನು ಮಾಡಿ ಲಿಂಗ ಕಟ್ಟುವ ದಿನಕ್ಕೆ ಕರೆದಳು. "ನೀವು ಬಂದು ಬೀಗರಿಗೆ ಎರಡು ಮಾತು ಹೇಳ್ರಿ. ನಮ್ಮಪ್ಪನೇ ಕಟ್ಟಬೇಕು," ಅಂದಳು.

ಹೋದೆ. ಬೀಗರು ಬಾದಾಮಿ ಕಡೆಯವರು, ಮರ್ಯಾದಸ್ಥರು. ಬರುವಾಗ ಪಕ್ಕದೂರಿನ ಆ ಹುಡುಗ ಅಯ್ಯನನ್ನೂ ಕರೆದುಕೊಂಡೇ ಬಂದಿದ್ದರು. ನಾನು ಅವರನ್ನು ಕೂಡಿಸಿಕೊಂಡು ಹೇಳಿದೆ: ಇದು ಅಂಟುವ ರೋಗವಲ್ಲ, ನಾನು ದಿನಾ ಬರಿಗೈಯಿಂದ ಮುಟ್ಟಿದ್ದೇನೆ, ನೋಡಿ ನನ್ನ ಕೈ.

"ಖರೆ ಐತ್ರಿ ಬಾಯಾರ. ನೀವು ಕಲತವರು. ನಾವು ಎದುರಾಡೂದಿಲ್ಲ," ಅಂದರು ಬೀಗರು. ಚಹಾ ಕೊಟ್ಟರು. ಒಬ್ಬರೂ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಬಾಣಂತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. "ನಮ್ಮಪ್ಪ ಕಟ್ಟಲಿಲ್ಲ ಅಂದ್ರ ನನ್ನ ಕೂಸಿಗೆ ಯಾರೂ ಕಟ್ಟೂದು ಬ್ಯಾಡ," ಎಂದಳು. ಎಲ್ಲರೂ ನೆಲ ನೋಡಿದರು. ಆಕೆಯ ಗಂಡನೂ ನೋಡಿದ. ಆಗ ಅಯ್ಯನವರು ಒಳಗಿನಿಂದ ಬಂದರು. ಬಟ್ಟೆ ಸುತ್ತಿದ ಎಡಗೈ ಮೇಲೆ ಪುಟ್ಟ ಲಿಂಗ, ಬಿಳಿ ದಾರ. ಕೂಸಿನ ಮುಂದೆ ನಿಂತರು. ಮೊಮ್ಮಗನ ಮುಖ ನೋಡಿದರು. ಹುಡುಗ ಅಯ್ಯನ ಕಡೆ ತಿರುಗಿ ಲಿಂಗವನ್ನು ಚಾಚಿದರು.

"ನೀ ಕಟ್ಟಪಾ. ನನಗ ಕಣ್ಣು ಮಂಜಾಗ್ಯಾವ. ದಾರಾ ಕಾಣೂದಿಲ್ಲ."

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಖೋಲಿಯಲ್ಲಿ ಕೂತು ಸಣ್ಣ ಅಕ್ಷರದ ಪುಸ್ತಕ ಓದುತ್ತಿದ್ದವರು ಅವರು. ಆ ಹುಡುಗ ಎರಡೂ ಕೈ ಚಾಚಿ, ಬಟ್ಟೆಗೆ ತನ್ನ ಬೆರಳು ತಾಗದಂತೆ ಲಿಂಗ ತೆಗೆದುಕೊಂಡ. ಕಟ್ಟಿದ. ಮಗಳು ಅಪ್ಪನ ಕಡೆ ನೋಡುತ್ತ ಬಿಕ್ಕಿಬಿಕ್ಕಿ ಅತ್ತಳು. ಅಯ್ಯನವರು ಶಾಲಿನೊಳಗೆ ಕೈ ಹಾಕಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತರು.

ಔಷಧವನ್ನು ಮಾತ್ರ ಅವರು ಬಿಡಲಿಲ್ಲ. ಚಮಚ ತುಪ್ಪ, ಕಷಾಯ, ಎಣ್ಣೆ, ಹೆಸರುಬೇಳೆ. ಚಳಿಗಾಲದಲ್ಲಿ ಸ್ವಲ್ಪ ಏರಿತು, ಆಮೇಲೆ ಇಳಿಯಿತು. ಇದು ಬೇರುಸಮೇತ ಕಿತ್ತುಹೋಗುವ ಜಡ್ಡಲ್ಲ, ಎಂದಾದರೂ ತಿರುಗಿ ಬರಬಹುದು ಎಂದು ಅವರಿಗೆ ಹೇಳಿದ್ದೆ. ಆದರೂ ಮುಂದಿನ ಬೇಸಿಗೆಗೆ ಅವರು ಬಂದು ಸಾಕ್ಸು ಬಿಚ್ಚಿದಾಗ ನೆಲಕ್ಕೆ ಏನೂ ಉದುರಲಿಲ್ಲ. ಅಂಗಾಲು ನುಣುಪಾಗಿತ್ತು. ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿದೆ. ದದ್ದುಗಳಿದ್ದ ಕಡೆ ತಿಳಿಗಂದು ಕಲೆ ಮಾತ್ರ.

"ಅಯ್ಯನೋರ! ಬಂಗಾರದಂಥಾ ಕೈ ಆಗ್ಯಾವ ನೋಡ್ರಿ!" ಎಂದು ಕೂಗಿದೆ. "ಮೊಮ್ಮಗ ನೋಡಿದನೇನು?"

"ಬಾದಾಮಿಗೆ ಹೋಗಿದ್ನ್ರಿ. ಬೀಗರು ಎತ್ತಿಕೊಡಾಕ ಬಂದ್ರು. ನಾ ತಗೊಳ್ಳಲಿಲ್ಲ."

"ಯಾಕ್ರಿ? ಆರೇದಲ್ಲ!"

"ಆರೈತ್ರಿ," ಅಂದರು. ಊರಲ್ಲಿ ಕರೆಯುತ್ತಾರೇನು ಎಂದು ಕೇಳಿದೆ. ವಾಸ್ತು ಮನೆಯ ಆ ಮುದುಕಿ ತೀರಿಕೊಂಡಳಂತೆ, ಆಕೆಯ ತಲೆಯ ಮೇಲೆ ಪಾದ ಇಟ್ಟು ಬಂದರಂತೆ. ಬೇರೆ ಯಾವುದಕ್ಕೂ ಕರೆದಿಲ್ಲ.

ಕಷಾಯದಿಂದ ತೊಳೆಯುವ ಅಗತ್ಯ ಇರಲಿಲ್ಲ. ನನಗೇ ಸುಮ್ಮನಿರಲಾಗಲಿಲ್ಲ. ಬೇಸಿನ್ನಿನಲ್ಲಿ ಬರೀ ತಣ್ಣೀರು ಹಿಡಿದುಕೊಂಡು ಬಂದು ಕೆಳಗೆ ಕೂತೆ. ಅವರು ಈ ಸಲ ಕಾಲು ಎಳೆದುಕೊಳ್ಳಲಿಲ್ಲ. ಎರಡೂ ಪಾದ ತೊಳೆದೆ, ನನ್ನ ಸೆರಗಿನಿಂದ ಒರೆಸಿದೆ. ಬೇಸಿನ್ನು ಎತ್ತಿಕೊಂಡು ನಿಂತೆ. ನೀರು ತಿಳಿಯಾಗಿತ್ತು. ಬಚ್ಚಲಿನ ಕಡೆ ಕಾಲು ಬರಲಿಲ್ಲ. ಅವರ ಮುಖ ನೋಡಿದೆ.

"ಚೆಲ್ರಿ ಬಾಯಾರ," ಅಂದರು ಅಯ್ಯನವರು. "ಬರೇ ನೀರದು."

ನಾನು ಬೇಸಿನ್ನು ಹಿಡಿದು ಅಲ್ಲೇ ನಿಂತಿದ್ದೆ. ಅವರು ಬಗ್ಗಿ ಸಾಕ್ಸು ಹಾಕಿಕೊಳ್ಳತೊಡಗಿದರು.